ವಾಹನದ ಸದ್ದೂ ವಿಚಾರದ ದಾರಿಯೂ

1816ನೆಯ ಇಸವಿಯಲ್ಲಿ ಪ್ಯಾರಿಸ್ ನಗರದ ಲೆನೆಕ್ ಎಂಬ ವೈದ್ಯನು ಕಾಗದವನ್ನು ಕೊಳವೆಯಂತೆ ಸುತ್ತಿ, ಒಂದು ತುದಿಯನ್ನು ರೋಗಿಯ ಎದೆಗೂ ಇನ್ನೊಂದನ್ನು ತನ್ನ ಕಿವಿಗೂ ಹಿಡಿದು ಹೃದಯದ ಬಡಿತವನ್ನು ಕೇಳಿದನು. ಇಂದಿನ ಸ್ಟೆತೊಸ್ಕೋಪಿಗೆ ಅದೇ ಮೂಲ. ಕಣ್ಣಿಗೆ ಕಾಣದುದನ್ನು ಕಿವಿಯಿಂದ ತಿಳಿಯುವ ಈ ಮಾರ್ಗವು ಮೋಟಾರು ವಾಹನಕ್ಕೂ ಸಲ್ಲುತ್ತದೆ. ಆದರೆ ಕೇಳಿದರಷ್ಟೇ ಸಾಲದು. ಕೇಳಿದುದನ್ನು ಕ್ರಮವಾಗಿ ಪರೀಕ್ಷಿಸಬೇಕು. ಇದನ್ನು ನಾವು ನಮ್ಮದೇ ಒಂದು ತಪ್ಪಿನಿಂದ ಕಲಿತೆವು. ಆ ತಪ್ಪನ್ನೇ ಇಲ್ಲಿ ಪಾಠವಾಗಿ ನಿವೇದಿಸುತ್ತೇವೆ.

ಕಳೆದ ಮಳೆಗಾಲದಲ್ಲಿ ನಮ್ಮ ಶಾಲೆಯ ಪೆಟ್ರೋಲ್ ವ್ಯಾನಿನಲ್ಲಿ ಒಂದು ಹೊಸ ಸದ್ದು ಹುಟ್ಟಿತು. ಪೆರ್ಲದ ಕಡೆಯ ಏರುದಾರಿಯಲ್ಲಿ ಚಾಲಕರು ಆಕ್ಸಿಲರೇಟರನ್ನು ಒತ್ತಿದೊಡನೆ 'ಟಪ ಟಪ' ಎಂಬ ಸದ್ದು ಕೇಳುವುದು. ಸಮತಟ್ಟಾದ ದಾರಿಯಲ್ಲಿ ಅದು ಬಹುಮಟ್ಟಿಗೆ ಅಡಗುವುದು. ಒಂದು ದಿನ ಜೊತೆಯಲ್ಲಿ ಪ್ರಯಾಣ ಮಾಡಿದ ನಾವು, ಇದು ಗಾಲಿಯ ಬೇರಿಂಗಿನ ದೋಷವೆಂದು ತೀರ್ಮಾನ ಕೊಟ್ಟೆವು. ಹೊಸ ಬೇರಿಂಗ್ ಬಂತು. ದಾನಿಗಳ ಹಣದಲ್ಲಿ 2,200 ರೂಪಾಯಿ ವೆಚ್ಚವಾಯಿತು. ಸದ್ದು ಮಾತ್ರ ಇದ್ದಂತೆಯೇ ಇತ್ತು.

ಅದೇ ದಿನಗಳಲ್ಲಿ ಮುಂಬದಿಯ ಆಸನಗಳಲ್ಲಿ ಕೂರುವ ಇಬ್ಬರು ಮಕ್ಕಳು ಶಾಲೆಗೆ ಬಂದೊಡನೆ ತಲೆನೋವು, ವಾಕರಿಕೆ ಎನ್ನುತ್ತಿದ್ದರು. ತಿರುವುದಾರಿಯ ಪ್ರಯಾಣದಿಂದಾಗುವ ತೊಂದರೆಯೆಂದು ನಾವು ಅದನ್ನು ಬದಿಗಿಟ್ಟೆವು. ಇದು ಎರಡನೆಯ ತಪ್ಪು.

ಬಳಿಕ ಗ್ಯಾರೇಜಿನ ಹಿರಿಯ ಮೇಸ್ತ್ರಿಯೊಬ್ಬರು ನಮ್ಮನ್ನು ಕೇಳಿದ ಮೊದಲ ಪ್ರಶ್ನೆ ಇದು: "ಮಾಸ್ಟ್ರೇ, ಸದ್ದು ಗಾಲಿಯ ವೇಗವನ್ನು ಅನುಸರಿಸುತ್ತದೋ, ಇಂಜಿನಿನ ವೇಗವನ್ನೋ?" ವಿಜ್ಞಾನವನ್ನು ಬೋಧಿಸುವ ನಮಗೆ ಈ ಪ್ರಶ್ನೆಯೇ ಹೊಳೆದಿರಲಿಲ್ಲ!

ವಿದ್ಯಾರ್ಥಿಗಳೇ, ಇಲ್ಲಿ ತುಸು ಲೆಕ್ಕ ಮಾಡೋಣ. ವ್ಯಾನು ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ ಓಡಿದರೆ ಸೆಕೆಂಡಿಗೆ 10 ಮೀಟರ್ ಸಾಗುತ್ತದೆ. ಗಾಲಿಯ ಸುತ್ತಳತೆ ಸುಮಾರು 1.7 ಮೀಟರ್ ಎಂದಿಟ್ಟುಕೊಂಡರೆ ಅದು ಸೆಕೆಂಡಿಗೆ ಹೆಚ್ಚುಕಡಿಮೆ 6 ಸುತ್ತು ತಿರುಗುತ್ತದೆ. ಅದೇ ವೇಗದಲ್ಲಿ ಮೂರನೆಯ ಗೇರಿನಲ್ಲಿ ಇಂಜಿನು ನಿಮಿಷಕ್ಕೆ 2,400 ಸುತ್ತು ತಿರುಗುತ್ತಿದೆಯೆನ್ನಿ. ನಾಲ್ಕು ಹೊಡೆತದ ಇಂಜಿನಿನಲ್ಲಿ ಒಂದು ಸಿಲಿಂಡರು ಎರಡು ಸುತ್ತಿಗೊಮ್ಮೆ ಉರಿಯುವುದರಿಂದ ನಿಮಿಷಕ್ಕೆ 1,200 ಸಲ, ಅಂದರೆ ಸೆಕೆಂಡಿಗೆ 20 ಸಲ ಉರಿಯುತ್ತದೆ. ಈಗ ವೇಗವನ್ನು ಬದಲಿಸದೆ ಎರಡನೆಯ ಗೇರಿಗೆ ಇಳಿಸಿ, ಇಂಜಿನು 3,600 ಸುತ್ತಿಗೆ ಏರಿದರೆ, ಈ 20 ಎಂಬುದು 30 ಆಗುತ್ತದೆ. ಗಾಲಿಯ 6 ಮಾತ್ರ 6 ಆಗಿಯೇ ಉಳಿಯುತ್ತದೆ. ಗೇರು ಬದಲಿಸಿದಾಗ ಸದ್ದಿನ ಬಡಿತ ಬದಲಾಯಿತೇ ಇಲ್ಲವೇ ಎಂದು ಕೇಳಿದರೆ ಸಾಕು, ಅರ್ಧ ನಿರ್ಣಯವಾದಂತೆಯೇ.

ನಿರ್ಜನವಾದ ರಸ್ತೆಯಲ್ಲಿ, ಮಕ್ಕಳಿಲ್ಲದ ವೇಳೆ, ಹಾಗೆಯೇ ಪರೀಕ್ಷಿಸಿದೆವು. ಗೇರು ಇಳಿಸಿದಾಗ ಬಡಿತ ಚುರುಕಾಯಿತು. ಆದುದರಿಂದ ಗಾಲಿ ನಿರ್ದೋಷಿ. ಎರಡನೆಯದಾಗಿ, ವ್ಯಾನನ್ನು ನಿಲ್ಲಿಸಿ, ಗೇರಿನಿಂದ ಬಿಡಿಸಿ, ಇಂಜಿನನ್ನು ಮಾತ್ರ ಓಡಿಸಿದೆವು. ಸದ್ದು ಸಣ್ಣದಾಗಿ ಕೇಳಿಸಿತು. ಕ್ಲಚ್ಚನ್ನು ತುಳಿದಾಗಲೂ ಅದು ಬದಲಾಗಲಿಲ್ಲ. ಗೇರುಪೆಟ್ಟಿಗೆಯ ಮೇಲಿನ ಸಂಶಯವೂ ದೂರವಾಯಿತು. ಮೂರನೆಯದಾಗಿ, ಬೆಳಗ್ಗೆ ಇಂಜಿನು ತಣ್ಣಗಿರುವಾಗ ಸದ್ದು ಹೆಚ್ಚು, ಕಾದ ಮೇಲೆ ಕಡಿಮೆ. ಲೋಹವು ಕಾದರೆ ಹಿಗ್ಗುತ್ತದೆಂದು ನೀವು ಓದಿದ್ದೀರಷ್ಟೆ? ಹಿಗ್ಗಿದಾಗ ಮುಚ್ಚಿಕೊಳ್ಳುವ ಒಂದು ಸಣ್ಣ ಸಂದು ಎಲ್ಲಿಯೋ ಇರಬೇಕು.

ಮೇಸ್ತ್ರಿಗಳು ರಬ್ಬರ್ ಕೊಳವೆಯ ಒಂದು ತುದಿಯನ್ನು ಕಿವಿಗಿಟ್ಟು, ಇನ್ನೊಂದು ತುದಿಯನ್ನು ತಿರುಗುವ ಬೆಲ್ಟಿನಿಂದ ದೂರವಾಗಿ ಇಂಜಿನಿನ ಸುತ್ತ ಮೆಲ್ಲನೆ ಸರಿಸಿದರು. ಲೆನೆಕನ ಉಪಾಯವೇ ಇದು! ಸಿಲಿಂಡರಿನಿಂದ ಹೊಗೆ ಹೊರಹೋಗುವ ಕೊಳವೆಯ ಬೆಸುಗೆಯ ಬಳಿ ಸದ್ದು ಥಟ್ಟನೆ ಜೋರಾಯಿತು. ಅಲ್ಲಿನ ಗ್ಯಾಸ್ಕೆಟ್ ಸುಟ್ಟಿತ್ತು; ಸುತ್ತಲೂ ಕಪ್ಪು ಮಸಿ ಹಿಡಿದಿತ್ತು. ಇಂಜಿನಿನ ಮೇಲೆ ಭಾರ ಬಿದ್ದಾಗ ಹೊಗೆಯ ಒತ್ತಡ ಹೆಚ್ಚುವುದರಿಂದಲೇ ಏರಿನಲ್ಲಿ ಸದ್ದು ಜೋರಾಗುತ್ತಿತ್ತು.

ಈ ವ್ಯಾನಿನ ಇಂಜಿನು ಇರುವುದು ಮುಂದಿನ ಆಸನದ ಕೆಳಗೆ. ಮಳೆಗಾಗಿ ಗಾಜುಗಳೆಲ್ಲ ಮುಚ್ಚಿದ್ದುವು. ಪೆಟ್ರೋಲಿನ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲವಿದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಅದನ್ನು ಆಮ್ಲಜನಕಕ್ಕಿಂತ 200 ಪಟ್ಟಿಗೂ ಮೀರಿದ ಬಲದಿಂದ ಹಿಡಿದುಕೊಳ್ಳುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ ಅದರ ಮೊದಲ ಲಕ್ಷಣಗಳು, ಹೆಚ್ಚಿದರೆ ಪ್ರಾಣಾಪಾಯ. ಹೊಸ ಗ್ಯಾಸ್ಕೆಟ್ ಹಾಕಿದ ಮೇಲೆ ಸದ್ದು ನಿಂತಿತು. ಮಕ್ಕಳ ತಲೆನೋವಿನ ದೂರೂ ನಿಂತಿತು. ಹೊಗೆಯೇ ಕಾರಣವೆಂದು ವೈದ್ಯಪರೀಕ್ಷೆಯಿಂದ ಸಿದ್ಧಪಡಿಸಿದ್ದಲ್ಲ. ಆದರೂ ಆ ಇಬ್ಬರ ಮುಖ ನೆನಪಾದಾಗ ನಮ್ಮ ಮನಸ್ಸು ಇಂದಿಗೂ ಅಳುಕುತ್ತದೆ.

ಪಾಲಕರ ಉಪಯೋಗಕ್ಕಾಗಿ ಇನ್ನು ಕೆಲವು ಸೂಚನೆಗಳು. ಒಮ್ಮೆಲೇ ವೇಗ ಹೆಚ್ಚಿಸುವಾಗ 'ಕೀಂ' ಎಂದು ಕಿರಿಚಿದರೆ ಬೆಲ್ಟು ಸಡಿಲವಾಗಿರಬಹುದು. ಮೇಲಿನ ಗೇರಿನಲ್ಲಿ ಏರು ಹತ್ತುವಾಗ ಡಬ್ಬಿಯಲ್ಲಿ ಕಲ್ಲು ಕುಲುಕಿದಂತಾದರೆ ಇಂಧನವು ಕ್ರಮತಪ್ಪಿ ಉರಿಯುತ್ತಿದೆಯೆಂದು ಶಂಕಿಸಬೇಕು. ಕೂಡಲೇ ಗೇರನ್ನು ಇಳಿಸಬೇಕು. ಗೇರು ಯಾವುದಾದರೂ ಸರಿಯೆ, ವೇಗದೊಡನೆ ಏರುವ ಗುಂಯ್‌ಗುಟ್ಟುವಿಕೆ ಬೇರಿಂಗಿನದೋ ಟಯರಿನದೋ ಆಗಿರುತ್ತದೆ. ಮುಂದಿನ ಗಾಲಿಗಳಿಂದ ನಡೆಯುವ ಕಾರು ತಿರುವಿನಲ್ಲಿ 'ಕಟ ಕಟ' ಎಂದರೆ ಗಾಲಿಗೆ ಶಕ್ತಿಯೊಯ್ಯುವ ದಂಡದ ಕೀಲು ಸವೆದಿರುವುದು ಸಂಭವ. ಇವೆಲ್ಲ ಸೂಚನೆಗಳು ಮಾತ್ರ. ನಿರ್ಣಯವು ಪರೀಕ್ಷೆಯ ಬಳಿಕವೇ.

ಒಂದು ಸಲಕ್ಕೆ ಒಂದೇ ಸಂಗತಿಯನ್ನು ಬದಲಿಸಿ ಫಲವನ್ನು ನೋಡುವುದು ಪ್ರಯೋಗದ ನಿಯಮ. ಅದನ್ನು ತರಗತಿಯಲ್ಲಿ ಬೋಧಿಸಿದ ನಾವೇ ದಾರಿಯಲ್ಲಿ ಮರೆತೆವು. ನೀವು ಮರೆಯದಿರಿ. ಮಕ್ಕಳು ಮೈ ಸರಿಯಿಲ್ಲವೆಂದಾಗ ಹಿರಿಯರು ಅದನ್ನೂ ಒಂದು ಸಾಕ್ಷಿಯೆಂದೇ ಎಣಿಸಲಿ.

ಅಭ್ಯಾಸ

1. ಗಂಟೆಗೆ 54 ಕಿಲೋಮೀಟರ್ ವೇಗದ ಕಾರಿನ ಗಾಲಿಯ ಸುತ್ತಳತೆ 1.5 ಮೀಟರ್ ಆದರೆ ಅದು ಸೆಕೆಂಡಿಗೆ ಎಷ್ಟು ಸುತ್ತು ತಿರುಗುತ್ತದೆ?
2. ನಾಲ್ಕು ಹೊಡೆತದ ಇಂಜಿನು ನಿಮಿಷಕ್ಕೆ 3,000 ಸುತ್ತು ತಿರುಗಿದರೆ ಒಂದು ಸಿಲಿಂಡರು ಸೆಕೆಂಡಿಗೆ ಎಷ್ಟು ಸಲ ಉರಿಯುತ್ತದೆ?
3. ಕ್ಲಚ್ಚನ್ನು ತುಳಿದಾಗ ಸದ್ದು ನಿಂತಿದ್ದರೆ ನಾವು ಯಾವ ಭಾಗವನ್ನು ಶಂಕಿಸಬೇಕಾಗಿತ್ತು? ಏಕೆ?