ಹೊಸ ತೆನೆಯ ಪಾಲು

ಸೆಪ್ಟೆಂಬರ್ ತಿಂಗಳು ಬಂತೆಂದರೆ ಕರಾವಳಿ ಕರ್ನಾಟಕದಲ್ಲಿ ಮಳೆಯ ಆರ್ಭಟ ತಗ್ಗುತ್ತದೆ. ‘ಏಣೆಲು’ ಎಂದು ಕರೆಯಲಾಗುವ ಮೊದಲ ಬೆಳೆಯ ಗದ್ದೆಗಳಲ್ಲಿ ತೆನೆಗಳು ಹಾಲುಗಟ್ಟಿ ಬಲಿಯತೊಡಗುತ್ತವೆ. ತುಳುನಾಡಿನ ರೈತರು ಹೊಸ ತೆನೆಯನ್ನು ತಂದು, ಕಂಬಕ್ಕೂ ಕಣಜಕ್ಕೂ ಕಟ್ಟಿ, ‘ಮನೆ ತುಂಬಿಸಿಕೊಳ್ಳುವ’ ಕಾಲವಿದು. ಇದೇ ಕಾಲದಲ್ಲಿ, ಸೆಪ್ಟೆಂಬರ್ 8ರಂದು, ಈ ನಾಡಿನ ಕೊಂಕಣಿ ಮಾತನಾಡುವ ಕಥೋಲಿಕ ಕ್ರೈಸ್ತರು ಯೇಸುಕ್ರಿಸ್ತನ ತಾಯಿಯಾದ ಮರಿಯಮ್ಮನವರ ಜನ್ಮದಿನವನ್ನು ಆಚರಿಸುತ್ತಾರೆ. ಇದಕ್ಕೆ ಕೊಂಕಣಿಯಲ್ಲಿ ‘ಮೊಂತಿ ಫೆಸ್ತ್’ ಎಂದೂ ಕನ್ನಡದಲ್ಲಿ ‘ತೆನೆಹಬ್ಬ’ವೆಂದೂ ಹೆಸರು. ಒಂದು ಊರಿನ ಕ್ರೈಸ್ತ ಸಮುದಾಯವು ಹೇಗೆ ಒಂದೇ ಕುಟುಂಬದಂತೆ ಬಾಳಲು ಯತ್ನಿಸುತ್ತದೆ ಎಂಬುದು ಈ ಹಬ್ಬದಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಹಬ್ಬಕ್ಕೆ ಮೊದಲು ಒಂಬತ್ತು ದಿನ ಇಗರ್ಜಿಯಲ್ಲಿ ವಿಶೇಷ ಪ್ರಾರ್ಥನೆ ನಡೆಯುತ್ತದೆ. ಮಕ್ಕಳು ಪ್ರತಿದಿನವೂ ತೋಟ, ಬೇಲಿ, ಗುಡ್ಡಗಳಲ್ಲಿ ಅರಳಿದ ಹೂಗಳನ್ನು ಬುಟ್ಟಿಯಲ್ಲಿ ತುಂಬಿ ತಂದು, ಹಾಡುತ್ತ ಬಾಲೆ ಮರಿಯಮ್ಮನ ಪ್ರತಿಮೆಗೆ ಅರ್ಪಿಸುತ್ತಾರೆ. ಸಿರಿವಂತರ ಮಗುವಿಗೂ ಬಡವರ ಮಗುವಿಗೂ ಇಲ್ಲಿ ಕಾಣಿಕೆ ಒಂದೇ, ಹಿಡಿಯಷ್ಟು ಹೂ. ಹಬ್ಬದ ದಿನ ಧರ್ಮಗುರುಗಳು ಹೊಸ ಭತ್ತದ ತೆನೆಗಳನ್ನು ಆಶೀರ್ವದಿಸುತ್ತಾರೆ. ಜನರು ಅವನ್ನು ಮೆರವಣಿಗೆಯಲ್ಲಿ ಇಗರ್ಜಿಗೆ ತರುತ್ತಾರೆ. ಪೂಜೆಯ ಬಳಿಕ ಪ್ರತಿಯೊಂದು ಮನೆಗೂ ತೆನೆಯ ಪಾಲು ಸಲ್ಲುತ್ತದೆ. ಗದ್ದೆಯುಳ್ಳವನಿಗೂ ಗೇಣು ನೆಲವಿಲ್ಲದವನಿಗೂ ಅದೇ ಪಾಲು.

ಮನೆಯಲ್ಲಿ ಆ ತೆನೆಯ ಕಾಳುಗಳನ್ನು ಸುಲಿದು, ಪುಡಿಮಾಡಿ, ಹಾಲಿನಲ್ಲೋ ಪಾಯಸದಲ್ಲೋ ಬೆರೆಸುತ್ತಾರೆ. ಎಲ್ಲರೂ ಪ್ರಾರ್ಥಿಸಿದ ಮೇಲೆ ಮನೆಯ ಹಿರಿಯರು ಒಬ್ಬೊಬ್ಬರಿಗೂ ಅದನ್ನು ಹಂಚುತ್ತಾರೆ. ಅನಂತರ ಬಾಳೆಯೆಲೆಯ ಮೇಲೆ ಊಟ. ಮೀನು ಮಾಂಸಗಳಿಗೆ ಅಂದು ಎಡೆಯಿಲ್ಲ. ಕೆಸುವಿನ ದಂಟು, ಬೆಂಡೆ, ಸೌತೆ, ಹೀರೆ, ಕಣಿಲೆ, ಅಂಬಟೆ ಮುಂತಾದ ಮಳೆಗಾಲದ ತರಕಾರಿಗಳೇ ಅಂದಿನ ಭಕ್ಷ್ಯ. ದೂರದ ಊರಿನಲ್ಲಿರುವ ಮಗನಿಗೆ, ಮಗಳಿಗೆ ಕೆಲವು ಕಾಳುಗಳನ್ನು ಲಕೋಟೆಯಲ್ಲಿಟ್ಟು ಅಂಚೆಯಲ್ಲಿ ಕಳುಹಿಸುವ ವಾಡಿಕೆಯೂ ಬೆಳೆದುಬಂದಿದೆ. ಊಟದ ಪಂಕ್ತಿಯಲ್ಲಿ ಇಲ್ಲದವನಿಗೂ ಪಾಲುಂಟು ಎಂಬುದು ಇದರ ಅರ್ಥ.

ಈ ಹಂಚಿಕೆ ತಾನಾಗಿ ನಡೆಯುವುದಲ್ಲ. ಅದರ ಹಿಂದೆ ಒಂದು ವ್ಯವಸ್ಥೆಯಿದೆ. ಪ್ರತಿಯೊಂದು ಇಗರ್ಜಿಗೆ ಸೇರಿದ ಮನೆಗಳನ್ನು ಹಲವು ವಾಳೆಗಳಾಗಿ ವಿಂಗಡಿಸಿರುತ್ತಾರೆ. ಕೊಂಕಣಿಯಲ್ಲಿ ಇವಕ್ಕೆ ‘ವಾಡೊ’ ಎನ್ನುತ್ತಾರೆ. ವಾಳೆಗೊಬ್ಬ ಗುರಿಕಾರನಿರುತ್ತಾನೆ. ತನ್ನ ವಾಳೆಯಲ್ಲಿ ಎಷ್ಟು ಮನೆಗಳಿವೆ, ಯಾವ ಮನೆಯಲ್ಲಿ ರೋಗಿಗಳಿದ್ದಾರೆ, ಯಾರು ಯಾರೊಡನೆ ಮುನಿಸಿಕೊಂಡಿದ್ದಾರೆ ಎಂಬುದನ್ನು ತಿಳಿದಿರುವುದು ಅವನ ಹೊಣೆ. ನೆರೆಹೊರೆಯವರ ನಡುವೆ ಬೇಲಿಯ ತಗಾದೆಯೋ ನೀರಿನ ತಗಾದೆಯೋ ಬಂದಾಗ ಅದು ನ್ಯಾಯಾಲಯದ ಮೆಟ್ಟಲೇರುವ ಮೊದಲು ಗುರಿಕಾರನ ಜಗಲಿಗೆ ಬರುತ್ತಿತ್ತು. 1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯ ತರುವಾಯ ಇಗರ್ಜಿಯ ಆಡಳಿತದಲ್ಲಿ ಸಾಮಾನ್ಯ ಜನರ ಪಾತ್ರ ಹೆಚ್ಚಿತು. ಪ್ರತಿನಿಧಿಗಳಿಂದ ಕೂಡಿದ ಪಾಲನಾ ಮಂಡಳಿಗಳು ರೂಪುಗೊಂಡವು. ಸ್ತ್ರೀಯರೂ ಅವುಗಳಲ್ಲಿ ಸ್ಥಾನ ಪಡೆದರು. ಅದುವರೆಗೆ ಲ್ಯಾಟಿನ್ ಭಾಷೆಯಲ್ಲಿ ನಡೆಯುತ್ತಿದ್ದ ಪೂಜೆಯು ಜನರ ಮಾತಾದ ಕೊಂಕಣಿಯಲ್ಲಿ ನಡೆಯತೊಡಗಿತು.

ಒಗ್ಗಟ್ಟಿನ ಬೆಲೆಯನ್ನು ಈ ಸಮುದಾಯವು ಕಷ್ಟದಿಂದ ಕಲಿತಿದೆ. ಇವರ ಪೂರ್ವಿಕರಲ್ಲಿ ಬಹುಮಂದಿ 16ನೆಯ ಶತಮಾನದಿಂದ 18ನೆಯ ಶತಮಾನದವರೆಗೆ ಗೋವೆಯಿಂದ ತಂಡತಂಡವಾಗಿ ವಲಸೆ ಬಂದವರು. ಯುದ್ಧ, ಬರಗಾಲ, ತೆರಿಗೆಯ ಹೊರೆ ಮತ್ತು ಪೋರ್ಚುಗೀಸರ ಧಾರ್ಮಿಕ ವಿಚಾರಣೆಯ ಕಾಟ ಅವರನ್ನು ಊರು ಬಿಡಿಸಿದವು. ಬೇಸಾಯದಲ್ಲಿ ನುರಿತ ಅವರಿಗೆ ಕೆಳದಿಯ ಅರಸರ ನಾಡಿನಲ್ಲಿ ನೆಲೆ ದೊರೆಯಿತು. ಮಂಗಳೂರಿನ ಮಿಲಾಗ್ರಿಸ್ ಇಗರ್ಜಿ ಸ್ಥಾಪನೆಯಾದುದು 1680ರಲ್ಲಿ. ಆದರೆ 1784ರಲ್ಲಿ, ಎರಡನೆಯ ಆಂಗ್ಲೋ-ಮೈಸೂರು ಯುದ್ಧದ ಕೊನೆಗೆ, ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ ಟಿಪ್ಪು ಸುಲ್ತಾನನು ಈ ಜನರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಅನೇಕರು ದಾರಿಯಲ್ಲಿ ಮಡಿದರು. ಅನೇಕರು ಸೆರೆಯಲ್ಲಿ ಮಡಿದರು. ಬಹುಪಾಲು ಇಗರ್ಜಿಗಳು ನೆಲಸಮವಾದವು. 1799ರಲ್ಲಿ ಟಿಪ್ಪು ರಣರಂಗದಲ್ಲಿ ಮಡಿದ ಬಳಿಕ ಬದುಕುಳಿದವರು ಊರಿಗೆ ಮರಳಿದರು. ಮನೆ ಮುರಿದಿತ್ತು, ನೆಲ ಕೈತಪ್ಪಿತ್ತು, ಬಂಧುಗಳು ಅಳಿದಿದ್ದರು. ಅವರು ಮತ್ತೆ ಬೇಸಾಯ ಹೂಡಿದರು. ಇಗರ್ಜಿಗಳನ್ನು ಮರಳಿ ಕಟ್ಟಿದರು. ಎಲ್ಲವನ್ನೂ ಕಳೆದುಕೊಂಡವರಿಗೆ ಒಬ್ಬರಿಗೊಬ್ಬರೇ ಆಸ್ತಿಯಾಗಿದ್ದರು.

ಆ ಅನ್ಯೋನ್ಯತೆ ಹಬ್ಬದ ದಿನಕ್ಕಷ್ಟೇ ಮೀಸಲಾದುದಲ್ಲ. ಮದುವೆಯ ಮುನ್ನಾದಿನ ವಧುವಿಗೂ ವರನಿಗೂ ಅವರವರ ಮನೆಯಲ್ಲಿ ತೆಂಗಿನ ಹಾಲು ಹಚ್ಚುವ ‘ರೋಸ್’ ಎಂಬ ಶಾಸ್ತ್ರವಿದೆ. ಅಂದು ಕಾಯಿ ತುರಿಯಲು, ಮಸಾಲೆ ಅರೆಯಲು, ಚಪ್ಪರ ಹಾಕಲು ನೆರೆಮನೆಯವರು ಕರೆಯದೆಯೇ ಬರುತ್ತಿದ್ದರು. ಇಗರ್ಜಿಯ ಗಂಟೆ ಸಾವಿನ ಸೂಚನೆ ನೀಡಿದರೆ ಕೈಯ ಕೆಲಸವನ್ನು ಬಿಟ್ಟು ಜನ ಆ ಮನೆಗೆ ಧಾವಿಸುತ್ತಾರೆ. ಬಡವರ ನೆರವಿಗಾಗಿ ಅನೇಕ ಇಗರ್ಜಿಗಳಲ್ಲಿ ಸಂತ ವಿನ್ಸೆಂಟ್ ಡಿ ಪಾಲ್ ಸಭೆಯ ಘಟಕಗಳಿವೆ. 1833ರಲ್ಲಿ ಪ್ಯಾರಿಸ್ ನಗರದಲ್ಲಿ ಫ್ರೆಡರಿಕ್ ಓಝನಾಮ್ ಮತ್ತು ಅವನ ಗೆಳೆಯರು ಆರಂಭಿಸಿದ ಈ ಸಭೆಯ ಸದಸ್ಯರು ಬಡವರ ಮನೆಗೆ ತಾವೇ ಹೋಗುತ್ತಾರೆ. ಅವರೊಡನೆ ಕುಳಿತು ಮಾತನಾಡುತ್ತಾರೆ. ನೆರವು ಪಡೆದವನು ನಾಲ್ಕು ಜನರ ಮುಂದೆ ತಲೆತಗ್ಗಿಸಬಾರದೆಂದು ಅದನ್ನು ಗುಟ್ಟಾಗಿಡುತ್ತಾರೆ.

ಹೀಗೆಂದ ಮಾತ್ರಕ್ಕೆ ಈ ಸಮುದಾಯದಲ್ಲಿ ಕೊರತೆಗಳಿರಲಿಲ್ಲವೆಂದು ತಿಳಿಯಬಾರದು. ದೇವರ ಮುಂದೆ ಎಲ್ಲರೂ ಸಮಾನರೆಂದು ಸಾರಿದ ಇಗರ್ಜಿಯೊಳಗೂ ಪೂರ್ವಿಕರ ಜಾತಿಭೇದದ ನೆರಳು ಉಳಿದಿತ್ತು. ಒಂದೇ ಬಲಿಪೀಠದ ಮುಂದೆ ಮಂಡಿಯೂರಿದವರು ಸಂಬಂಧ ಬೆಳೆಸುವಾಗ ಮನೆತನವನ್ನು ಕೇಳುತ್ತಿದ್ದರು. ಗುರಿಕಾರಿಕೆ ಹೆಚ್ಚಾಗಿ ಭೂಮಾಲಿಕರ ಮನೆಗಳಿಗೇ ಸಲ್ಲುತ್ತಿತ್ತು. ಧಣಿಯೂ ಒಕ್ಕಲೂ ಒಂದೇ ತೆನೆಯ ಕಾಳನ್ನು ಉಣ್ಣುತ್ತಿದ್ದರು. ಆದರೆ ಗೇಣಿಯ ಭತ್ತ ಮಾತ್ರ ಒಕ್ಕಲಿನ ಅಂಗಳದಿಂದ ಧಣಿಯ ಕಣಜಕ್ಕೆ ಹೋಗುತ್ತಿತ್ತು. ಕರ್ನಾಟಕದ ಭೂಸುಧಾರಣಾ ಕಾಯಿದೆಗೆ 1974ರಲ್ಲಿ ತಿದ್ದುಪಡಿಯಾಗಿ ಉಳುವವನೇ ಹೊಲದೊಡೆಯನಾದ ಮೇಲೆ ಈ ಚಿತ್ರ ಬದಲಾಯಿತು. ಎಲ್ಲ ಮತದ ಒಕ್ಕಲುಗಳಂತೆ ಕ್ರೈಸ್ತ ಒಕ್ಕಲುಗಳಿಗೂ ನೆಲದ ಹಕ್ಕು ದೊರೆಯಿತು. ಇಗರ್ಜಿಯ ಬೋಧನೆ ಮಾಡಲಾಗದೆ ಉಳಿಸಿದ್ದ ಕೆಲಸದ ಒಂದು ಭಾಗವನ್ನು ನಾಡಿನ ಶಾಸನ ಮಾಡಿತು.

ಸಮುದಾಯದ ಬಾಳು ತನ್ನ ಗೋಡೆಗಳೊಳಗೆ ಮುಗಿಯುವುದೂ ಇಲ್ಲ. ಅನೇಕ ಇಗರ್ಜಿಗಳ ಪಕ್ಕದಲ್ಲಿ ಒಂದು ಶಾಲೆಯಿದೆ. ಅಲ್ಲಿ ಊರಿನ ಎಲ್ಲ ಮತಗಳ ಮಕ್ಕಳು ಒಂದೇ ಬೆಂಚಿನಲ್ಲಿ ಕುಳಿತು ಕಲಿತಿದ್ದಾರೆ. ಮನೆಯಲ್ಲಿ ಕೊಂಕಣಿ, ಅಂಗಳದಾಚೆ ತುಳು, ಶಾಲೆಯಲ್ಲಿ ಕನ್ನಡ ಹೀಗೆ ಮೂರು ನುಡಿಗಳಲ್ಲಿ ಈ ಜನರ ಬದುಕು ಸಾಗುತ್ತದೆ. ಇಲ್ಲಿನ ಕೊಂಕಣಿಯ ಲಿಪಿಯೂ ಕನ್ನಡವೇ. 1938ರಲ್ಲಿ ಮಂಗಳೂರಿನಲ್ಲಿ ಆರಂಭವಾದ ‘ರಾಕ್ಣೊ’ ವಾರಪತ್ರಿಕೆ ಕನ್ನಡ ಲಿಪಿಯಲ್ಲಿಯೇ ಕೊಂಕಣಿಯನ್ನು ಮನೆಮನೆಗೆ ತಲುಪಿಸಿತು.

ಇಂದು ಕರಾವಳಿಯಲ್ಲಿ ಗದ್ದೆಗಳು ಕಡಿಮೆಯಾಗುತ್ತಿವೆ. ಎಷ್ಟೋ ಕಡೆ ಅಡಿಕೆ ತೋಟಗಳೂ ಕಟ್ಟಡಗಳೂ ಭತ್ತದ ನೆಲವನ್ನು ಆಕ್ರಮಿಸಿವೆ. ಹಬ್ಬಕ್ಕೆ ಬೇಕಾದ ತೆನೆಯನ್ನು ದೂರದ ಊರಿನಿಂದ ತರಿಸುವ ಇಗರ್ಜಿಗಳುಂಟು. ತರುಣರು ಮುಂಬಯಿ, ಬೆಂಗಳೂರು, ಕೊಲ್ಲಿ ರಾಷ್ಟ್ರಗಳಿಗೆ ಉದ್ಯೋಗಕ್ಕಾಗಿ ಹೋಗಿ ಅಲ್ಲಿಯೇ ತೆನೆಹಬ್ಬವನ್ನು ಆಚರಿಸುತ್ತಾರೆ. ಊರಿನ ದೊಡ್ಡ ಮನೆಗಳಲ್ಲಿ ವೃದ್ಧರು ಒಂಟಿಯಾಗಿ ಉಳಿದಿದ್ದಾರೆ. ಹಿಂದೆ ಪಾಲು ಕಳುಹಿಸಬೇಕಾಗಿದ್ದುದು ಊರು ಬಿಟ್ಟವರಿಗೆ. ಇಂದು ಪಾಲು ತಲುಪಬೇಕಾಗಿರುವುದು ಊರಿನಲ್ಲೇ ಉಳಿದ ಈ ಹಿರಿಯರಿಗೆ. ಅವರಿಗೆ ಬೇಕಾದುದು ಕಾಳಿಗಿಂತ ಹೆಚ್ಚಾಗಿ ಅದನ್ನು ಸುಲಿದು, ಬೆರೆಸಿ, ಜೊತೆಯಲ್ಲಿ ಕುಳಿತು ಉಣ್ಣುವ ಜನ.

ಆದುದರಿಂದ ಹಬ್ಬದ ದಿನ ಪಾಲು ತಲುಪದ ಮನೆ ಯಾವುದೆಂದು ವಾಳೆಯ ಜನ ವಿಚಾರಿಸಿ ನೋಡುತ್ತಾರೆ. ನಡೆಯಲಾರದ ಮುದುಕಿಯೊಬ್ಬಳ ಮನೆಗೆ ನೆರೆಯ ಹುಡುಗಿ ತೆನೆಯನ್ನು ಒಯ್ದು, ಅಲ್ಲಿಯೇ ಎಲೆ ಹಾಕಿ ಊಟಕ್ಕೆ ಕುಳಿತರೆ, ಆ ವಾಳೆಯ ಹಬ್ಬ ಪೂರ್ಣವಾಯಿತೆಂದೇ ತಿಳಿಯಬೇಕು.