‘ಬಿಕರ್’: ಸಣ್ಣ ಜಗಳದ ಇಂಗ್ಲಿಷ್ ಪದವನ್ನು ಬಳಸುವ ಬಗೆ

ಕ್ಷುಲ್ಲಕ ಕಾರಣಕ್ಕೆ ಮಾತಿಗೆ ಮಾತು ಬೆಳೆಸಿ ಕಚ್ಚಾಡುವುದಕ್ಕೆ ಇಂಗ್ಲಿಷಿನಲ್ಲಿ ‘ಬಿಕರ್’ ಎನ್ನುತ್ತಾರೆ. ಸುಮಾರು 1300ರ ಹೊತ್ತಿಗೆ ಈ ಪದಕ್ಕಿದ್ದ ಅರ್ಥ ಚಕಮಕಿ, ಕಾದಾಟ. ಬರಬರುತ್ತಾ ಆಯುಧ ಹೋಗಿ ಮಾತು ಉಳಿಯಿತು.

ಪದ ಬಳಸುವ ಮುನ್ನ ಜಗಳದ ವಿಷಯ ಎಷ್ಟು ದೊಡ್ಡದೆಂದು ನೋಡಬೇಕು. ಟಿವಿ ರಿಮೋಟು, ಕಿಟಕಿ ಪಕ್ಕದ ಸೀಟು, ಹೋಟೆಲ್ ಬಿಲ್ಲು ಇಂಥವಕ್ಕೆ ‘ಬಿಕರ್’ ಒಪ್ಪುತ್ತದೆ. ಕಾವೇರಿ ನೀರಿನ ಹಂಚಿಕೆಗೆ 1990ರಲ್ಲಿ ನ್ಯಾಯಮಂಡಳಿಯೇ ರಚನೆಯಾಗಬೇಕಾಯಿತು. ಅದನ್ನು ‘ಬಿಕರಿಂಗ್’ ಎಂದರೆ ರೈತರ ಬದುಕಿನ ಪ್ರಶ್ನೆಯನ್ನು ಹಗುರ ಮಾಡಿದಂತೆ. ಅಲ್ಲಿ ‘ಡಿಸ್ಪ್ಯೂಟ್’ ಬೇಕು. ಗಂಡ ಹೆಂಡತಿಯ ಮೇಲೆ ಕೈಮಾಡಿದ್ದನ್ನು ಈ ಪದದಡಿ ಮುಚ್ಚುವುದಂತೂ ಅನ್ಯಾಯ.

ಜಗಳ ಎರಡೂ ಕಡೆಯಿಂದ ನಡೆಯುತ್ತಿರಬೇಕು. ಒಬ್ಬರು ಕ್ಯಾತೆ ತೆಗೆದು ಇನ್ನೊಬ್ಬರು ಸುಮ್ಮನಿದ್ದರೆ ಅದು ‘ಬಿಕರ್’ ಅಲ್ಲ.

ಇನ್ನು ವಾಕ್ಯರಚನೆ. ಇದು ಅಕರ್ಮಕ ಕ್ರಿಯಾಪದ. ಯಾರೊಂದಿಗೆ ಎನ್ನಲು ‘ವಿತ್’, ಯಾವುದಕ್ಕಾಗಿ ಎನ್ನಲು ‘ಓವರ್’ ಅಥವಾ ‘ಅಬೌಟ್’ ಸೇರುತ್ತದೆ: ‘ದೇ ಬಿಕರ್ಡ್ ಓವರ್ ದ ಬಿಲ್’. ಒತ್ತು ಪದದ ಮೊದಲ ಭಾಗಕ್ಕೆ ಬೀಳುವುದರಿಂದ ‘ಬಿಕರ್ಡ್’ ಬರೆಯುವಾಗ ‘ಆರ್’ ಒಂದೇ. ‘ರೆಫರ್’ನಲ್ಲಿ ಒತ್ತು ಕೊನೆಗೆ ಬೀಳುತ್ತದೆ, ಹಾಗಾಗಿ ‘ರೆಫರ್ಡ್’ಗೆ ಎರಡು.

ಹತ್ತಿರದ ಪದಗಳೂ ಇವೆ. ‘ಸ್ಕ್ವಾಬಲ್’ನಲ್ಲಿ ಗದ್ದಲ ಹೆಚ್ಚು, ‘ಟಿಫ್’ ಆಪ್ತರ ನಡುವಿನ ಗಳಿಗೆಯ ಮುನಿಸು. ‘ರ‍್ಯಾಂಗಲ್’ ಎಳೆದಾಡುವ ದೀರ್ಘ ವಾಗ್ವಾದ. ಕೇಂಬ್ರಿಜ್‌ನಲ್ಲಿ ಗಣಿತದಲ್ಲಿ ಪ್ರಥಮ ದರ್ಜೆ ಪಡೆದವರು ‘ರ‍್ಯಾಂಗ್ಲರ್’ ಆದದ್ದು ಪದವಿಗಾಗಿ ವಾದ ಮಾಡಬೇಕಿದ್ದ ಕಾಲದಿಂದ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಡಿ.ಸಿ. ಪಾವಟೆಯವರ ಹೆಸರಿನ ಹಿಂದೆ ಅಂಟಿದ್ದ ‘ರ‍್ಯಾಂಗ್ಲರ್’ ಇದೇ.

ಕನ್ನಡಕ್ಕೆ ತರುವಾಗ ಬರೀ ‘ಜಗಳ’ ಸಾಲದು. ‘ಕಚ್ಚಾಟ’, ‘ಕಿತ್ತಾಟ’ ಹೆಚ್ಚು ಸರಿ. ಕೊನೆಯ ‘ಆಟ’ದಲ್ಲೇ ಇಬ್ಬರೂ ಮಾಡುವುದು, ಮತ್ತೆ ಮತ್ತೆ ಮಾಡುವುದು ಎರಡೂ ಅಡಗಿವೆ, ಇಂಗ್ಲಿಷ್ ಪದದ ತಿರುಳೂ ಅದೇ. ಪಕ್ಷದೊಳಗಿನ ‘ಬಿಕರಿಂಗ್’ಗೆ ಪತ್ರಿಕೆಗಳ ‘ಆಂತರಿಕ ಕಚ್ಚಾಟ’ ಚೆನ್ನಾಗಿ ಹೊಂದುತ್ತದೆ. ಮನೆಯ ಮಾತಿಗೆ ‘ಕೋಳಿಜಗಳ’ ಸಾಕು.

ಕಾವ್ಯದಲ್ಲಿ ಮಾತ್ರ ಎಚ್ಚರ ಬೇಕು. ಟೆನಿಸನ್ 1855ರ ‘ದ ಬ್ರೂಕ್’ ಕವಿತೆಯಲ್ಲಿ ತೊರೆಯ ಹರಿವಿಗೆ ಇದೇ ಪದ ಬಳಸಿದ್ದಾನೆ. ಅಲ್ಲಿರುವುದು ಸದ್ದು ಮಾಡುತ್ತ ಓಡುವ ನೀರು. ಅನುವಾದಕ್ಕೆ ‘ಕಚ್ಚಾಟ’ ಬಿಟ್ಟು ‘ಜುಳುಜುಳು’ ಕಡೆಗೆ ಹೋಗಬೇಕು.