ಸೌಟು ತಳಕ್ಕೆ ಇಳಿಯಲಿ

ಪ್ರಶ್ನೆ: ನಾನು ಹೈಸ್ಕೂಲ್ ಶಿಕ್ಷಕಿ, ವಯಸ್ಸು 42. ಬೆಳಿಗ್ಗೆ ಐದೂವರೆಗೆ ಎದ್ದು ಕಾಫಿ ಕುಡಿದು, ಅಡುಗೆ ಮುಗಿಸಿ, ನಿಂತುಕೊಂಡೇ ನಾಲ್ಕು ತುತ್ತು ಚಿತ್ರಾನ್ನವೋ ಉಪ್ಪಿಟ್ಟೋ ತಿಂದು ಬಸ್ಸು ಹಿಡಿಯುತ್ತೇನೆ. ಹನ್ನೊಂದಕ್ಕೆ ಸ್ಟಾಫ್ ರೂಮಿನಲ್ಲಿ ಟೀ, ಬಿಸ್ಕತ್ತು. ಮಧ್ಯಾಹ್ನ ಡಬ್ಬಿಯಲ್ಲಿ ಬೆಳಗಿನ ತಿಂಡಿಯೇ, ಇಲ್ಲವೇ ಅನ್ನ-ಸಾರು. ಮೂರು ಗಂಟೆಯ ಪೀರಿಯಡ್‌ನಲ್ಲಿ ಕಣ್ಣು ಎಳೆಯುತ್ತದೆ. ಸಂಜೆ ಮನೆ ಸೇರುವಷ್ಟರಲ್ಲಿ ಕೈಕಾಲು ಬಿದ್ದುಹೋಗಿರುತ್ತದೆ. ಮೊಬೈಲಿನಲ್ಲಿ ನೋಡಿ ಓಟ್ಸ್, ಚಿಯಾ ಬೀಜ ಎಲ್ಲ ತಂದು ಚಾರ್ಟ್ ಮಾಡಿಕೊಂಡೆ. ಒಂಬತ್ತು ದಿನಕ್ಕೆ ನಿಂತುಹೋಯಿತು. ಪ್ರೋಟೀನ್ ಪುಡಿ ತೆಗೆದುಕೊಳ್ಳಲೇ? ಅನ್ನ ಬಿಟ್ಟು ಪೂರ್ತಿ ರಾಗಿಗೆ ಹೋಗಲೇ? ನಮ್ಮಂಥವರ ಕೈಲಾಗುವ ದಾರಿ ಇದ್ದರೆ ತಿಳಿಸಿ.
— ಓದುಗರು, ಹಾಸನ ಜಿಲ್ಲೆ

ಉತ್ತರ: ಒಂಬತ್ತು ದಿನ ನಡೆಸಿದಿರಲ್ಲ, ಅದೇ ಹೆಚ್ಚು ಮೇಡಂ. ನಾನು ತಂದ ಓಟ್ಸ್ ಡಬ್ಬಿ ನಾಲ್ಕನೇ ದಿನಕ್ಕೆ ಅಟ್ಟ ಸೇರಿತು. ಮಳೆಗಾಲ ಕಳೆದ ಮೇಲೆ ತೆಗೆದು ನೋಡಿದರೆ ಹುಳ ಹಿಡಿದಿತ್ತು. ಓಟ್ಸಿನದ್ದೇನೂ ತಪ್ಪಿಲ್ಲ. ಮನೆಮಂದಿಗೆಲ್ಲ ಒಂದು ಅಡುಗೆ, ನಮಗೊಬ್ಬರಿಗೆ ಇನ್ನೊಂದು ಅಂತ ಶುರುವಾದ ಪಥ್ಯ ಬೆಳಿಗ್ಗೆ ಬಸ್ಸು ಹಿಡಿಯುವವರ ಮನೆಯಲ್ಲಿ ಬಾಳಿಕೆ ಬರುವುದಿಲ್ಲ, ಅಷ್ಟೇ.

ಊಟದ ಮಾತಿಗಿಂತ ಮೊದಲು ರಕ್ತದ ಮಾತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನೊಳಗಿನ ಹೆಂಗಸರಲ್ಲಿ ಶೇ. 47.8ರಷ್ಟು ಮಂದಿಗೆ ರಕ್ತಹೀನತೆ ಇತ್ತು. ನಿಮ್ಮ ಸ್ಟಾಫ್ ರೂಮಿನಲ್ಲಿ ಹತ್ತು ಜನ ಮೇಡಂಗಳಿದ್ದರೆ ನಾಲ್ಕೈದು ಜನಕ್ಕೆ ಇರಬಹುದು ಅಂತಾಯಿತು. ಸುಸ್ತು ಅದರ ಮೊದಲ ಲಕ್ಷಣ, ಆದರೆ ‘ಕೆಲಸ ಜಾಸ್ತಿ ಆಯ್ತು’ ಅಂದುಕೊಂಡು ವರ್ಷಗಟ್ಟಲೆ ದೂಡುತ್ತೇವೆ. ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ, ಬಿ12 ಇಷ್ಟನ್ನು ಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್ 12 ಗ್ರಾಂಗಿಂತ ಕೆಳಗಿದ್ದರೆ ರಕ್ತಹೀನತೆ ಅಂತಲೇ ಲೆಕ್ಕ. ಮೊಟ್ಟೆ, ಮಾಂಸ ತಿನ್ನದವರಾದರೆ ಬಿ12 ಪರೀಕ್ಷೆ ಬಿಡಲೇಬೇಡಿ. ತಿಂಗಳ ಮುಟ್ಟಿನಲ್ಲಿ ರಕ್ತ ಹೆಚ್ಚು ಹೋಗುತ್ತಿದ್ದರೆ ಡಾಕ್ಟರ ಹತ್ತಿರ ಸಂಕೋಚಪಡದೆ ಹೇಳಿ. ಇದರಲ್ಲಿ ಯಾವುದೊಂದು ಏರುಪೇರಾಗಿದ್ದರೂ ನಾನು ಮುಂದೆ ಬರೆಯುವುದರಿಂದ ಅರ್ಧ ಕೆಲಸ ಮಾತ್ರ ಆಗುತ್ತದೆ. ಉಳಿದರ್ಧಕ್ಕೆ ಮಾತ್ರೆ ಬೇಕು.

ಈಗ ನಿಮ್ಮ ಡಬ್ಬಿ ಬಿಚ್ಚೋಣ. ಚಿತ್ರಾನ್ನ ತುಂಬಿದ ಡಬ್ಬಿಯಲ್ಲಿ ಸುಮಾರು 300 ಗ್ರಾಂ ಅನ್ನ ಹಿಡಿಯುತ್ತದೆ. ಬೆಂದ ಅನ್ನದಲ್ಲಿ 100 ಗ್ರಾಂಗೆ ಎರಡೂವರೆ ಗ್ರಾಂ ಆಸುಪಾಸು ಪ್ರೋಟೀನ್. ಅಲ್ಲಿಗೆ ಏಳೆಂಟು ಗ್ರಾಂ. ಒಗ್ಗರಣೆಯ ಕಡಲೆಬೀಜವನ್ನು ಬೆರಳೆಣಿಸಿ ಹಾಕುವುದು ನಮ್ಮ ಪದ್ಧತಿ. ಅದರಿಂದ ಇನ್ನೊಂದು ಗ್ರಾಂ. ಬೆಳಗಿನ ನಾಲ್ಕು ತುತ್ತು ಸೇರಿಸಿದರೂ ಮಧ್ಯಾಹ್ನದವರೆಗೆ 12 ಗ್ರಾಂ ಆದರೆ ಹೆಚ್ಚು. 55 ಕೆ.ಜಿ. ತೂಕದ ಹೆಂಗಸಿಗೆ ದಿನಕ್ಕೆ 46 ಗ್ರಾಂ ಬೇಕು ಅನ್ನುತ್ತದೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ. ಉಳಿದದ್ದನ್ನೆಲ್ಲ ರಾತ್ರಿಯ ಒಂದೇ ಊಟದಲ್ಲಿ ತುಂಬಿಸಿಕೊಳ್ಳಲು ಯಾರ ಕೈಲೂ ಆಗುವುದಿಲ್ಲ.

ಬರೀ ಅನ್ನ ಹೊಟ್ಟೆಗೆ ಬಿದ್ದರೆ ಬೇಗ ಕರಗುತ್ತದೆ. ರಕ್ತದಲ್ಲಿ ಸಕ್ಕರೆ ಸರ್ರನೆ ಏರಿ, ಇನ್ಸುಲಿನ್ ಓಡಿ ಬಂದು ಅದನ್ನು ಇಳಿಸಿ, ಹನ್ನೊಂದರ ಹೊತ್ತಿಗೆ ಕೈ ತಾನಾಗಿ ಬಿಸ್ಕತ್ತಿನ ಪೊಟ್ಟಣಕ್ಕೆ ಹೋಗುತ್ತದೆ. ಅದೇ ಅನ್ನದ ಜೊತೆ ಕಾಳು, ಸೊಪ್ಪು, ಮೊಸರು ಇದ್ದರೆ ಜೀರ್ಣ ನಿಧಾನ, ಏರಿಳಿತ ಕಡಿಮೆ. ಅನ್ನ ಬಿಡಿ ಅಂತ ನಾನು ಹೇಳುವುದಿಲ್ಲ. ಅನ್ನದ ಪಕ್ಕ ಏನಿದೆ ಅಂತ ಕೇಳುತ್ತೇನೆ.

‘ಸಾರು ಇದೆಯಲ್ಲ’ ಅನ್ನುತ್ತೀರಿ. ಹಾಗಾದರೆ ಸಾರು ಬಡಿಸುವ ಕೈ ನೋಡಿ. ನಾಲ್ಕು ಜನದ ಸಾರಿಗೆ ನಮ್ಮಲ್ಲಿ ಹಾಕುವುದು ಒಂದು ಹಿಡಿ ತೊಗರಿಬೇಳೆ, ಅಂದರೆ 50 ಗ್ರಾಂ. ಅದರಲ್ಲಿರುವುದು 11 ಗ್ರಾಂ ಪ್ರೋಟೀನ್. ತಲೆಗೆ ಮೂರೂ ಬರುವುದಿಲ್ಲ. ಆ ಬೇಳೆಯೂ ಬೆಂದು ತಳಕ್ಕೆ ಕೂತಿರುತ್ತದೆ. ಹುಣಿಸೆ, ಖಾರ, ಇಂಗಿನ ಒಗ್ಗರಣೆ ಎಲ್ಲ ಮೇಲೆ. ಸೌಟು ಮೇಲಿಂದ ಮೇಲೆ ಆಡಿ ತಿಳಿಯನ್ನೇ ಎತ್ತಿ ತಟ್ಟೆಗೆ ಸುರಿಯುತ್ತದೆ. ಘಮ ಬಂತು, ನಾಲಿಗೆ ಚುರ್ ಅಂದಿತು, ಸಾರನ್ನ ಉಂಡದ್ದಾಯಿತು. ಬೇಳೆ ಮಾತ್ರ ಪಾತ್ರೆಯಲ್ಲೇ ಉಳಿದು, ರಾತ್ರಿ ಅದಕ್ಕೆ ಇನ್ನೊಂದು ಲೋಟ ನೀರು ಬೀಳುತ್ತದೆ. ಬಸ್ಸಾರಿನ ಕಥೆಯೂ ಹೀಗೇ. ಸೊಪ್ಪು, ಕಾಳು ಬೇಯಿಸಿ, ಬಸಿದ ಕಟ್ಟು ಸಾರಾಗಿ, ಬಸಿದು ಉಳಿದದ್ದು ಪಲ್ಯವಾಗಿ ಎರಡೂ ತಟ್ಟೆಗೆ ಬರಬೇಕು ಅನ್ನುವುದು ಆ ಅಡುಗೆಯ ಲೆಕ್ಕ. ನಾವು ಸಾರಿಗೆ ಕೈ ಚಾಚುತ್ತೇವೆ, ಪಲ್ಯವನ್ನು ತಟ್ಟೆಯ ಅಂಚಿಗೆ ಉಪ್ಪಿನಕಾಯಿಯ ಅಳತೆಯಲ್ಲಿ ಹಾಕಿಕೊಳ್ಳುತ್ತೇವೆ.

ಆದ್ದರಿಂದ ನನ್ನ ಮೊದಲ ಸಲಹೆಗೆ ಅಂಗಡಿಗೆ ಹೋಗಬೇಕಿಲ್ಲ. ಬೇಳೆಯ ಹಿಡಿ ಎರಡಾಗಲಿ. ಸೌಟು ತಳಕ್ಕೆ ಹೋಗಿ ಕದಡಿ ಮೇಲೆ ಬರಲಿ. ಡಬ್ಬಿಗೆ ಹಾಕುವಾಗ ಒಂದು ಸೌಟು ಅನ್ನ ಕಡಿಮೆ ಮಾಡಿ, ಆ ಜಾಗಕ್ಕೆ ಪಲ್ಯ ಬರಲಿ.

ರಾಗಿಯ ಬಗ್ಗೆ ಕೇಳಿದ್ದೀರಿ. ಹಾಸನದವರಿಗೆ ರಾಗಿಯ ಬಗ್ಗೆ ಎರಡು ಮಾತು ಹೇಳಲು ನನಗೆ ಸ್ವಲ್ಪ ಭಯವೇ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ ಕ್ಯಾಲ್ಸಿಯಂ ಇದೆ, ಅಕ್ಕಿಯಲ್ಲಿ ಹತ್ತರ ಆಸುಪಾಸು. ನಾರು ಜಾಸ್ತಿ. ತಿನ್ನಿ, ಧಾರಾಳವಾಗಿ ತಿನ್ನಿ. ಆದರೆ ಪ್ರೋಟೀನಿನಲ್ಲಿ ರಾಗಿ ಅಕ್ಕಿಗಿಂತ ಮೇಲಲ್ಲ. ಬೇಯಿಸುವ ಮೊದಲಿನ ತೂಕದಲ್ಲಿ ಎರಡೂ 100 ಗ್ರಾಂಗೆ ಏಳು ಗ್ರಾಂ ಹತ್ತಿರವೇ. ಮುದ್ದೆ ಉಂಡವರಿಗೆ ಬಂದ ಕಸುವಿನಲ್ಲಿ ಅರ್ಧ ಪಾಲು ಪಕ್ಕದ ಹುರುಳಿಕಾಳಿನದು, ಮಸ್ಸೊಪ್ಪಿನದು. ಹುರುಳಿಯಲ್ಲಿ ಶೇ. 22ರಷ್ಟು ಪ್ರೋಟೀನ್ ಇದೆ. ಮುದ್ದೆಗೆ ತಿಳಿಸಾರು ಬಿಟ್ಟುಕೊಂಡು ನುಂಗಿದರೆ ಅನ್ನ-ತಿಳಿಸಾರಿನ ಕಥೆಯೇ ಮುಂದುವರಿಯುತ್ತದೆ.

ಪ್ರೋಟೀನ್ ಪುಡಿ ಬೇಡ. ಡಾಕ್ಟರು ಕಾರಣ ಕೊಟ್ಟು ಬರೆದುಕೊಟ್ಟರೆ ಅದು ಬೇರೆ ಮಾತು. ಒಂದು ಹಿಡಿ ಕಡಲೆಬೀಜದಲ್ಲಿ ಏಳು ಗ್ರಾಂ ಇದೆ, ಒಂದು ಮೊಟ್ಟೆಯಲ್ಲಿ ಆರು. ಹನ್ನೊಂದರ ಬಿಸ್ಕತ್ತಿನ ಜಾಗಕ್ಕೆ ಹುರಿದ ಕಡಲೆಬೀಜವನ್ನೋ ಹುರಿಗಡಲೆಯನ್ನೋ ಒಂದು ಪುಟ್ಟ ಡಬ್ಬಿಯಲ್ಲಿ ಒಯ್ದರೆ ಸಾಕು. ಸ್ಟಾಫ್ ರೂಮಿನಲ್ಲಿ ಎಲ್ಲರೂ ಕೈ ಹಾಕುತ್ತಾರೆ, ಸ್ವಲ್ಪ ಹೆಚ್ಚಿಗೇ ಒಯ್ಯಿರಿ.

ಕಾಳಿಗೆ ಬಿಡುವೆಲ್ಲಿ ಅನ್ನುತ್ತೀರೇನೋ. ಬೆಳಿಗ್ಗೆ ಹೇಗೂ ಅನ್ನಕ್ಕೆ ಕುಕ್ಕರ್ ಇಡುತ್ತೀರಿ. ರಾತ್ರಿ ಮಲಗುವ ಮುಂಚೆ ಒಂದು ಹಿಡಿ ಹೆಸರುಕಾಳೋ ಅಲಸಂದೆಯೋ ನೆನೆಹಾಕಿಬಿಟ್ಟರೆ, ಅದೇ ಕುಕ್ಕರಿನ ಮೇಲಿನ ಬಟ್ಟಲಲ್ಲಿ ಅನ್ನದ ಜೊತೆಗೇ ಬೇಯುತ್ತದೆ. ಸಾಸಿವೆ-ಕರಿಬೇವಿನ ಒಗ್ಗರಣೆ, ಒಂದಿಷ್ಟು ಕಾಯಿತುರಿ, ಇಳಿಸಿದ ಮೇಲೆ ಅರ್ಧ ಹೋಳು ನಿಂಬೆ. ನಿಂಬೆ ಬರೀ ರುಚಿಗಲ್ಲ. ಅದರ ಸಿ ವಿಟಮಿನ್ ಇದ್ದರೆ ಕಾಳು, ಸೊಪ್ಪಿನ ಕಬ್ಬಿಣ ಮೈಗೆ ಚೆನ್ನಾಗಿ ಹಿಡಿಯುತ್ತದೆ. ಇದಕ್ಕೆ ತದ್ವಿರುದ್ಧ ಕೆಲಸ ಮಾಡುವುದು ಟೀ, ಕಾಫಿ. ಅವುಗಳ ಒಗರು ಕಬ್ಬಿಣವನ್ನು ಕಟ್ಟಿಹಾಕುತ್ತದೆ. ಊಟ-ತಿಂಡಿಗೂ ಟೀಗೂ ನಡುವೆ ಆಚೆ ಈಚೆ ಒಂದು ಗಂಟೆ ಬಿಡಿ ಎಂದು ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿಯೇ ಹೇಳಿದೆ. ನಿಮ್ಮ ಹನ್ನೊಂದರ ಟೀಗೆ ಅಡ್ಡಿಯಿಲ್ಲ. ಲೋಟಕ್ಕೆ ಎರಡು ಚಮಚ ಸಕ್ಕರೆ, ದಿನಕ್ಕೆ ನಾಲ್ಕು ಲೋಟ ಅಂದರೆ ಅದೇ 30 ಗ್ರಾಂ ದಾಟುತ್ತದೆ. ಆ ಮಾರ್ಗಸೂಚಿಯ ಮಿತಿ 25. ಸಂಜೆ ಐದರ ಮೇಲೆ ಕುಡಿದ ಕಾಫಿಯ ಕೆಫೀನಿನಲ್ಲಿ ಅರ್ಧದಷ್ಟು ರಾತ್ರಿ ಹತ್ತಕ್ಕೂ ಮೈಯಲ್ಲೇ ಇರುತ್ತದೆ ಅನ್ನುವುದು ನೆನಪಿರಲಿ. ನಿದ್ದೆ ಕೆಟ್ಟ ಮೇಲೆ ಯಾವ ಕಾಳೂ ಕೈಹಿಡಿಯುವುದಿಲ್ಲ.

ನೀವು ಬರೆಯದ ಒಂದು ವಿಷಯ ನಾನೇ ಕೇಳುತ್ತೇನೆ. ಶಾಲೆಯಲ್ಲಿ ನೀರು ಕುಡಿಯುತ್ತೀರಾ? ಬಸ್ಸಿನಲ್ಲಿ ಓಡಾಡುವ ಎಷ್ಟೋ ಶಿಕ್ಷಕಿಯರು ಶೌಚಾಲಯದ ಸ್ಥಿತಿ ನೆನೆದು ಬೆಳಗಿನಿಂದ ಸಂಜೆವರೆಗೆ ಬಾಟಲಿ ಮುಟ್ಟುವುದಿಲ್ಲ. ಮೂರು ಗಂಟೆಯ ತಲೆನೋವು, ಮಂಕುಗಳಲ್ಲಿ ಇದರ ಪಾಲೂ ಇರುತ್ತದೆ. ಇದನ್ನು ಸರಿಪಡಿಸುವುದು ಅಡುಗೆಮನೆಯ ಕೆಲಸವಲ್ಲ, ಹೆಡ್‌ಮಾಸ್ಟರರ ಮತ್ತು ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಕೆಲಸ. ಮುಂದಿನ ಸಭೆಯಲ್ಲಿ ಎತ್ತಿ, ಹುಡುಗಿಯರಿಗೂ ಉಪಕಾರವಾಗುತ್ತದೆ.

ಮೂರು ಗಂಟೆಯ ತೂಕಡಿಕೆಗೆ ಊಟವೊಂದನ್ನೇ ದೂರಬೇಡಿ. ಮಧ್ಯಾಹ್ನ ಒಂದು ಇಳಿತ ನಮ್ಮ ದೇಹದ ಗಡಿಯಾರದಲ್ಲೇ ಇದೆ; ಉಪವಾಸ ಇದ್ದವರಿಗೂ ಬರುತ್ತದೆ. ಉಂಡು ಹತ್ತು ನಿಮಿಷ ಶಾಲೆಯ ಅಂಗಳದಲ್ಲಿ ನಡೆದರೆ ಸಕ್ಕರೆಯ ಏರಿಕೆಯೂ ತಗ್ಗುತ್ತದೆ, ಕಣ್ಣಿನ ಭಾರವೂ ತಗ್ಗುತ್ತದೆ.

ಇನ್ನು ಚಾರ್ಟಿನ ವಿಷಯ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 96 ಜನರನ್ನು ಹಿಂಬಾಲಿಸಿ, ಹೊಸ ಅಭ್ಯಾಸ ತಾನಾಗಿ ನಡೆಯುವಂತಾಗಲು ಸರಾಸರಿ 66 ದಿನ ಬೇಕು ಎಂದು ಕಂಡುಕೊಂಡರು. ಕೆಲವರಿಗೆ 18 ದಿನ, ಕೆಲವರಿಗೆ ಇನ್ನೂರಕ್ಕೂ ಮೇಲೆ. ಒಂಬತ್ತಕ್ಕೆ ನಿಂತಿತೆಂದು ನೊಂದುಕೊಳ್ಳುವುದೇನಿಲ್ಲ. ನಡುವೆ ಒಂದು ದಿನ ತಪ್ಪಿದರೆ ಏನೂ ಕೆಡುವುದಿಲ್ಲ ಎನ್ನುವುದೂ ಅದೇ ಅಧ್ಯಯನದಲ್ಲಿ ಕಂಡುಬಂತು. ಮದುವೆಮನೆ, ಹಬ್ಬ, ಪರೀಕ್ಷೆ ಡ್ಯೂಟಿ ಬಂದರೆ ಬರಲಿ. ಮೊದಲ ಎರಡು ತಿಂಗಳು ಕುಕ್ಕರಿನ ಆ ಮೇಲಿನ ಬಟ್ಟಲೊಂದನ್ನು ಬಿಟ್ಟು ಬೇರೇನನ್ನೂ ಹಚ್ಚಿಕೊಳ್ಳಬೇಡಿ.

ಸೋಮವಾರದಿಂದ ಅಂತ ಮುಂದೂಡಬೇಡಿ ಮೇಡಂ. ಇವತ್ತು ರಾತ್ರಿ ಒಂದು ಹಿಡಿ ಹೆಸರುಕಾಳು ನೆನೆಹಾಕಿ, ಈ ವಾರದೊಳಗೆ ರಕ್ತ ಪರೀಕ್ಷೆ ಮಾಡಿಸಿ. ವರದಿ ಬಂದ ಮೇಲೆ ಇನ್ನೊಂದು ಪತ್ರ ಬರೆಯಿರಿ.